ಕೋಡಿ ನೀರು ಹೋದ ದಾರಿಯಲ್ಲಿ ಸೈಕಲ್

ನಕ್ಷೆಯಲ್ಲಿ ಯಾವುದಾದರೂ ಒಂದು ಕೆರೆಯನ್ನು ದಿಟ್ಟಿಸಿ ನೋಡಿ. ಅದರ ಅಂಚಿನಲ್ಲಿ ಒಂದು ಬದಿ ಮಾತ್ರ ನೇರವಾಗಿ, ಇಲ್ಲವೇ ಬಿಲ್ಲಿನಂತೆ ತುಸು ಬಾಗಿ ಇರುತ್ತದೆ. ಉಳಿದ ಬದಿಗಳೆಲ್ಲ ಬೆರಳು ಚಾಚಿದ ಹಾಗೆ ಒಳಹೊರಗು. ನೇರವಾಗಿರುವುದು ಮನುಷ್ಯ ಕಟ್ಟಿದ ಏರಿ, ಬೆರಳು ಬೆರಳಾಗಿರುವುದು ನೆಲದ ಇಳಿಜಾರು. ಏರಿಯ ಹೊರಗೆ ಬೀಸಣಿಗೆ ಬಿಚ್ಚಿದಂತೆ ಹಸಿರು ಹರಡಿದ್ದರೆ ಅದು ಅಚ್ಚುಕಟ್ಟು, ಕೆರೆಯ ನೀರು ಉಣ್ಣುವ ಜಮೀನು. ಏರಿಯ ಒಂದು ತುದಿಯಿಂದ ಸಣ್ಣ ಹಳ್ಳವೊಂದು ಹೊರಟು ಡೊಂಕುಡೊಂಕಾಗಿ ಇಳಿದಿದ್ದರೆ ಆ ತುದಿಯೇ ಕೋಡಿ, ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಜಾಗ. ಆ ಹಳ್ಳದ ಮೇಲೆ ಬೆರಳಿಟ್ಟು ಕೆಳಗೆ ಸಾಗಿದರೆ ಸ್ವಲ್ಪ ದೂರಕ್ಕೆ ಇನ್ನೊಂದು ಕೆರೆ ಸಿಗುತ್ತದೆ. ಅದರ ಕೋಡಿ ಹಿಡಿದರೆ ಮತ್ತೊಂದು.

ನಮ್ಮ ಬಯಲುಸೀಮೆಯಲ್ಲಿ ಸೈಕಲ್ ತುಳಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಯಾರೂ ಹಾಕಿಕೊಟ್ಟಿಲ್ಲ. ನೀರು ಹರಿದ ಕಡೆ ಎದೆ ಒಡೆಯುವ ಏರು ಇರುವುದಿಲ್ಲ. ಹಳೆಯ ಊರುಗಳು ಏರಿಯ ಬುಡದಲ್ಲೋ ಪಕ್ಕದ ದಿಣ್ಣೆಯಲ್ಲೋ ಇರುವುದರಿಂದ ಚಹಾ, ನೆರಳು, ಪಂಕ್ಚರ್ ಅಂಗಡಿ ಯಾವುದೂ ಬಹಳ ದೂರವಿಲ್ಲ. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಅವುಗಳಲ್ಲಿ ಬಹುಪಾಲು ಒಂಟಿಯಲ್ಲ, ಒಂದರ ಕೆಳಗೊಂದು ಪೋಣಿಸಿದ ಸರಗಳು. ಏರಿಯ ಮೇಲೆ ವಾಹನ ನಿಲ್ಲಿಸಿ ಹತ್ತು ನಿಮಿಷ ನೀರು ನೋಡಿ ಹೊರಟರೆ ಸರದ ಒಂದು ಮಣಿಯ ಒಂದು ಬದಿ ಮಾತ್ರ ಕಂಡಿರುತ್ತದೆ. ಉಳಿದದ್ದು ಕಾಣಬೇಕಾದರೆ ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗ ಸಾಕು, ಅದಕ್ಕಿಂತ ಹೆಚ್ಚು ಬೇಡ. ಕೆಲವು ಕಡೆ ಅದೂ ಹೆಚ್ಚು, ಅಲ್ಲಿ ಇಳಿದು ನಡೆಯಬೇಕು.

ಹೀಗೆ ಹಿಡಿದು ಹೋಗಲು ನಾಡಿನಲ್ಲೇ ಅತ್ಯಂತ ಚೆಂದದ ಸರ ಬಾಬಾಬುಡನ್ ಗಿರಿಯ ಪೂರ್ವದ ಮಗ್ಗುಲಲ್ಲಿದೆ. ಗಿರಿಯಿಂದ ವೇದಾ, ಅವತಿ ಎಂಬ ಎರಡು ಹೊಳೆಗಳು ಇಳಿಯುತ್ತವೆ. ವೇದಾ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಯಾಗಿ ನಿಲ್ಲುತ್ತದೆ, ಅವತಿ ಮದಗದ ಕೆರೆಯಾಗಿ ನಿಲ್ಲುತ್ತದೆ. ಎರಡೂ ಕೆರೆಗಳನ್ನು ದಾಟಿ ಬಂದ ನೀರು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತದೆ. ವೇದಾವತಿ ಹೊಸದುರ್ಗ ಸೀಮೆ ಹಾದು ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವನ್ನು ತುಂಬುತ್ತದೆ, ಅದರಾಚೆ ಹಗರಿ ಎಂಬ ಹೆಸರು ಪಡೆದು ತುಂಗಭದ್ರೆಯನ್ನು ಸೇರುತ್ತದೆ. ಶೋಲಾ ಕಾಡಿನ ಒರತೆಯಿಂದ ಕಪ್ಪು ಎರೆಮಣ್ಣಿನ ಸೀಮೆಯವರೆಗೆ ಒಂದೇ ನೀರು.

ಇಲ್ಲಿ ದೊಡ್ಡ ಕೆರೆಗಳು ಏಕೆ ಬಂದವು ಎಂಬುದು ಸೈಕಲ್ ಮೇಲೆ ಕೂತವರಿಗೆ ಮೈಯಿಂದಲೇ ತಿಳಿಯುತ್ತದೆ. ನೈರುತ್ಯ ಮಾರುತದ ಮಳೆಯೆಲ್ಲ 1,900 ಮೀಟರ್ ಮೀರಿದ ಗಿರಿಸಾಲಿಗೆ ಬಡಿದು ಅಲ್ಲೇ ಸುರಿಯುತ್ತದೆ. ಸಾಲಿನ ಈಚೆ ಬಂದರೆ ಮಳೆನೆರಳು. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದ್ದರೆ 40 ಕಿಲೋಮೀಟರ್ ಆಚೆಯ ಕಡೂರು 760 ಮೀಟರ್ ಆಸುಪಾಸಿನಲ್ಲಿದೆ. ಈ ಇಳಿಜಾರಿನ ಉದ್ದಕ್ಕೂ ಕಾಫಿ ಮುಗಿದು ಅಡಿಕೆ, ಅಡಿಕೆ ಮುಗಿದು ತೆಂಗು, ತೆಂಗಿನ ಆಚೆ ರಾಗಿ, ಹುರುಳಿ, ಕುರುಚಲು ಬರುತ್ತವೆ. ಮೇಲೆ ಬಿದ್ದ ಮಳೆಯನ್ನು ಒಣನೆಲದ ಬಾಗಿಲಲ್ಲೇ ಹಿಡಿದು ನಿಲ್ಲಿಸಬೇಕಿತ್ತು. ಹಿಡಿಯಲು ಎರಡು ಗುಡ್ಡಗಳ ನಡುವಿನ ಇಕ್ಕಟ್ಟು ಬೇಕಿತ್ತು. ಅಯ್ಯನಕೆರೆಯ ಜಾಗ ಅಂಥದ್ದು. ರುಕ್ಮಾಂಗದ ರಾಯ ಕಟ್ಟಿಸಿದನೆಂದು ಹೇಳಿಕೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದು ಜೀರ್ಣೋದ್ಧಾರ ಕಂಡಿದೆ. ಎಂದರೆ ಆ ಹೊತ್ತಿಗಾಗಲೇ ಅದು ದುರಸ್ತಿ ಬೇಡುವಷ್ಟು ಹಳೆಯದಾಗಿತ್ತು.

ಹೊರಡುವ ಕಾಲ ನವೆಂಬರಿನಿಂದ ಫೆಬ್ರುವರಿ. ಹಿಂಗಾರು ಮುಗಿದು ಕೆರೆ ತುಂಬಿರುತ್ತದೆ, ದಾರಿಯ ಕೆಸರು ಗಟ್ಟಿಯಾಗಿರುತ್ತದೆ. ಚಿಕ್ಕಮಗಳೂರಿನಿಂದ ಕಡೂರಿನ ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ದಾಟಿದರೆ ಸಖರಾಯಪಟ್ಟಣ. ಅಲ್ಲಿಂದ ಗುಡ್ಡದ ಕಡೆಗೆ ತಿರುಗಿ ಆರೇಳು ಕಿಲೋಮೀಟರ್ ಹೋದರೆ ಅಯ್ಯನಕೆರೆ. ಕೆರೆ ನೋಡಿ ಅದೇ ದಾರಿಯಲ್ಲಿ ಮರಳಿ ಕಡೂರು ತಲುಪಿದರೆ ದಿನಕ್ಕೆ 55 ಕಿಲೋಮೀಟರ್ ಆಗುತ್ತದೆ. ಒಟ್ಟಾರೆ ಇಳಿಜಾರೇ ಆದರೂ ಈ ತಿಂಗಳುಗಳಲ್ಲಿ ಹೊತ್ತೇರಿದಂತೆ ಮೂಡಣ ಗಾಳಿ ಎದುರಾಗುತ್ತದೆ. ಇಳಿಜಾರು ಕೊಟ್ಟದ್ದನ್ನು ಗಾಳಿ ಕಿತ್ತುಕೊಳ್ಳುತ್ತದೆ, ಆದ್ದರಿಂದ ನಕ್ಷೆ ನೋಡಿ ಎರಡು ಗಂಟೆ ಎಂದು ಲೆಕ್ಕ ಹಾಕಿದ ದೂರಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಮದಗದ ಕೆರೆ ಎಮ್ಮೆದೊಡ್ಡಿ ಕಡೆಗಿದೆ. ಅದನ್ನು ಅದೇ ದಿನಕ್ಕೆ ತುರುಕದೆ, ಕಡೂರಿನಲ್ಲಿ ಉಳಿದು ಮರುದಿನ ಬೆಳಿಗ್ಗೆ ಹೋಗಿ ಬರುವುದು ಒಳ್ಳೆಯದು. ಒಂದೇ ದಿನ ಎರಡು ಕೆರೆ ನೋಡಲು ಹೊರಟವರು ಎರಡನ್ನೂ ನೋಡುವುದಿಲ್ಲ.

ಎಷ್ಟೇ ಬೇಗ ಹೊರಡುವ ಆಸೆಯಿದ್ದರೂ ಪೂರ್ತಿ ಬೆಳಕು ಹರಿಯುವ ಮುನ್ನ ಗುಡ್ಡದ ಬುಡಕ್ಕೆ ಹೋಗಬೇಡಿ. ಈ ಕುರುಚಲು ಗುಡ್ಡಗಳು ಕರಡಿ, ಚಿರತೆಗಳ ಸೀಮೆ. ಕಾಫಿ ತೋಟದ ಕಡೆ ಆನೆಯೂ ಬರುತ್ತದೆ. ಸೈಕಲ್ಲಿಗೆ ಸದ್ದಿಲ್ಲ, ಅದೇ ಅಪಾಯ. ತಿರುವಿನಲ್ಲಿ ಕರಡಿಗೆ ನಾವು ಬಂದದ್ದೇ ತಿಳಿದಿರುವುದಿಲ್ಲ, ಬೆಚ್ಚಿದ ಕರಡಿ ಓಡುವ ಬದಲು ಮೇಲೆ ಬೀಳುತ್ತದೆ. ಪೊದೆ ಒತ್ತಾದ ತಿರುವಿಗೆ ಮುನ್ನ ಗಂಟೆ ಬಾರಿಸಿ, ಜೊತೆಯವರಿದ್ದರೆ ಮಾತಾಡಿಕೊಂಡು ಸಾಗಿ. ಸಂಜೆ ಐದೂವರೆಗೆ ಹೆದ್ದಾರಿ ಸೇರಿರಬೇಕು.

ಅಯ್ಯನಕೆರೆಯ ಹಿಂದೆ ಶಕುನಗಿರಿ ನಿಂತಿದೆ. ಬೆಳಗಿನ ಬಿಸಿಲು ಗುಡ್ಡದ ಮುಖಕ್ಕೇ ಬೀಳುವುದರಿಂದ ಗಾಳಿ ಏಳುವ ಮುಂಚೆ ಇಡೀ ಗಿರಿ ನೀರೊಳಗೆ ತಲೆಕೆಳಗಾಗಿ ಕಾಣುತ್ತದೆ. ಒಂಬತ್ತು ಗಂಟೆ ದಾಟಿದರೆ ಅಲೆ ಎದ್ದು ಆ ನೋಟ ಒಡೆದುಹೋಗುತ್ತದೆ. ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ನಡೆಯಿರಿ. ಸವಾರಿ ಬೇಡ ಎನ್ನುವುದಕ್ಕೆ ಕಾರಣವಿದೆ. ಏರಿ ಬರೀ ಮಣ್ಣಿನ ಗುಡ್ಡೆ. ಒಳಮೈಗೆ ಮಾತ್ರ ಅಲೆ ಕೊರೆಯದಂತೆ ಕಲ್ಲು ಕಟ್ಟಿರುತ್ತಾರೆ. ಮಣ್ಣು ಹಸಿಯಿದ್ದಾಗ ಚಕ್ರ ಕೊರೆದ ಗೀರಿನಲ್ಲೇ ಮುಂದಿನ ಮಳೆನೀರು ಹರಿಯುತ್ತದೆ, ಗೀರು ಕೊರಕಲಾಗುತ್ತದೆ. ಒಂದು ಸೈಕಲ್ ಏನೂ ಮಾಡದು, ಆದರೆ ಮೊದಲ ಗೀರು ಹಾಕುವುದು ಯಾವಾಗಲೂ ಒಂದೇ ಚಕ್ರ.

ಏರಿಯ ಹೊರಮೈಯ ಬುಡವನ್ನೂ ನೋಡಿ. ಅಲ್ಲಿ ಒಂದಿಷ್ಟು ತೇವ, ತಿಳಿನೀರಿನ ಜಿನುಗು ಸಹಜ, ಮಣ್ಣಿನ ಏರಿ ಸದಾ ಸ್ವಲ್ಪ ಬೆವರುತ್ತದೆ. ಆದರೆ ಜಿನುಗುವ ನೀರು ರಾಡಿಯಾಗಿದ್ದರೆ ಅದು ಏರಿಯ ಒಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ ಎಂದರ್ಥ. ಏಡಿಯ ಬಿಲ, ಹೆಗ್ಗಣದ ಬಿಲ, ಸತ್ತ ಮರದ ಬೇರು ಕೊಳೆತು ಬಿಟ್ಟುಹೋದ ಕೊಳವೆ, ಇವೆಲ್ಲ ಇದಕ್ಕೆ ದಾರಿ. ಏರಿಯ ಮೇಲೆ ದೊಡ್ಡ ಮರ ಬೆಳೆಯಗೊಡಬಾರದೆಂಬ ಹಳಬರ ಮಾತು ಈ ಕಾರಣಕ್ಕೇ. ರಾಡಿ ನೀರು ಕಂಡರೆ ಫೋಟೊ ತೆಗೆದುಕೊಂಡು ಸುಮ್ಮನೆ ಹೊರಡಬೇಡಿ, ಊರಿನಲ್ಲಿ ಯಾರಿಗಾದರೂ, ಪಂಚಾಯಿತಿಗೆ ಹೇಳಿ ಹೋಗಿ. ಸಖರಾಯಪಟ್ಟಣದಲ್ಲಿ ಹೊನ್ನಬಿಲ್ಲನೆಂಬ ನೀರಗಂಟಿಯ, ಎಂದರೆ ಕೆರೆ ಕಾದು ನೀರು ಬಿಡುವವನ, ಕಥೆ ಹೇಳುತ್ತಾರೆ. ಕೆರೆ ಒಡೆಯುವ ಸೂಚನೆ ಅವನಿಗೆ ಸಿಕ್ಕಿತು, ಕೆರೆ ಉಳಿಯಲು ಅವನ ಪ್ರಾಣವೇ ಹೋಯಿತು ಎಂದು. ಏರಿಯನ್ನು ದಿನಾ ನೋಡುವ ಒಬ್ಬ ಮನುಷ್ಯನ ಮೇಲೆ ಇಡೀ ಅಚ್ಚುಕಟ್ಟು ನಿಂತಿತ್ತೆಂಬುದನ್ನು ಆ ಕಥೆ ಇಂದಿಗೂ ಹೊತ್ತುಕೊಂಡಿದೆ.

ನೀರಿನೊಳಗೆ ಎರಡು ಕಲ್ಲುಕಂಬ, ಅಡ್ಡಪಟ್ಟಿ ಕಂಡರೆ ಅದು ಹಳೆಯ ತೂಬು. ಕೆಳಗಿನ ಕಲ್ಲಿನಲ್ಲಿ ತೂತು, ತೂತಿಗೆ ಬಿರಡೆ. ಬಿರಡೆ ಎತ್ತಿದರೆ ನೀರು ಏರಿಯ ಹೊಟ್ಟೆಯೊಳಗಿನ ಕಲ್ಲುಗಾಲುವೆ ಹಾದು ಹೊರಗೆ ಬರುತ್ತದೆ. ಈಗ ಬಹಳ ಕಡೆ ತಿರುಪಿನ ಗೇಟು ಬಂದಿದೆ. ತೂಬಿನ ಬಾಯಿಂದ ಹೊರಟ ಕಾಲುವೆಯ ದಂಡೆ ಹಿಡಿದು ಅಚ್ಚುಕಟ್ಟಿನೊಳಗೆ ನಡೆಯುವುದು ಈ ಯಾನದ ಅತಿ ಸುಖದ ಭಾಗ. ತೋಟದ ನೆರಳು, ಪಕ್ಕದಲ್ಲೇ ನೀರಿನ ಸದ್ದು. ದಂಡೆ ಒಂದು ಮೀಟರ್ ಅಗಲವೂ ಇರುವುದಿಲ್ಲ, ಅಡ್ಡಲಾಗಿ ಹನಿ ನೀರಾವರಿ ಪೈಪುಗಳಿರುತ್ತವೆ. ಅವುಗಳ ಮೇಲೆ ಚಕ್ರ ಹತ್ತಿಸದೆ ಸೈಕಲ್ ಎತ್ತಿ ದಾಟಿಸಿ. ತೋಟಕ್ಕೆ ಕಾಲಿಡುವ ಮುನ್ನ ಯಾರಾದರೂ ಕಂಡರೆ ಕೇಳಿ ಹೋಗಿ. ಕೇಳಿದವರಿಗೆ ಬೇಡ ಎಂದವರು ಕಡಿಮೆ, ಎಳನೀರು ಕೊಟ್ಟವರೇ ಹೆಚ್ಚು.

ಹಕ್ಕಿ ನೋಡುವ ಮನಸ್ಸಿದ್ದರೆ ಏರಿಯ ನೆತ್ತಿಯ ಮೇಲೆ ನಿಲ್ಲಬೇಡಿ. ಆಕಾಶಕ್ಕೆ ಎದುರಾಗಿ ನಿಂತ ಮನುಷ್ಯನ ಆಕಾರ ಬಾತುಗಳಿಗೆ ಬಹುದೂರದಿಂದ ಕಾಣುತ್ತದೆ, ಇಡೀ ಹಿಂಡು ಎದ್ದು ಕೆರೆಯ ನಡುವಿಗೆ ಹೋಗುತ್ತದೆ. ಹೊರಮೈಯ ಕೆಳಗೆ ಸೈಕಲ್ ಒರಗಿಸಿ, ಬಗ್ಗಿ ಹತ್ತಿ, ತಲೆ ಮಾತ್ರ ಮೇಲೆ ಬರುವಂತೆ ಕೂತರೆ ಅವು ಅಲ್ಲೇ ಇರುತ್ತವೆ. ನಾಮಕೋಳಿ, ನೀರುಕಾಗೆ, ಹೆಜ್ಜಾರ್ಲೆಗಳನ್ನು ಆಳ ನೀರಿನ ಕಡೆ ನೋಡಬಹುದು. ಆದರೆ ನಿಜವಾದ ಸಂತೆ ಇರುವುದು ಎದುರು ಬದಿಯ ಹಿನ್ನೀರಿನಲ್ಲಿ. ಅಲ್ಲಿ ನೀರು ಮೊಣಕಾಲಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಬರೀ ತೇವಕ್ಕೆ ಇಳಿಯುತ್ತದೆ. ಆ ತೆಳುನೀರಿನಲ್ಲೇ ಕೊಕ್ಕರೆ, ಉಲ್ಲಂಕಿ, ಗೊರವಗಳು ಮೇಯುತ್ತವೆ. ಈಗೀಗ ಊರೂರಲ್ಲೂ ಕೆರೆಯನ್ನು ಅಂದಗೊಳಿಸುತ್ತೇವೆಂದು ಸುತ್ತಲೂ ಕಲ್ಲು ಹಾಸಿ, ತೊಟ್ಟಿಯಂತೆ ಅಂಚು ಕಡಿದು, ನಡೆಯುವ ದಾರಿ ಮಾಡುತ್ತಾರೆ. ಹಾಗೆ ಮಾಡಿದಲ್ಲಿ ಮೊದಲು ಸಾಯುವುದು ಈ ತೆಳುನೀರಿನ ಅಂಚು. ಕೆರೆ ಉಳಿಯುತ್ತದೆ, ಆದರೆ ಅದನ್ನು ಅವಲಂಬಿಸಿದ ಹಕ್ಕಿಗಳಿಗೆ ಕಾಲಿಡಲು ನೆಲವಿರುವುದಿಲ್ಲ. ನೋಡಿದಾಗಲೆಲ್ಲ ನೋವಾಗುವ ಸಂಗತಿ ಇದು.

ಹಿನ್ನೀರಿನ ಕಡೆ ಕೆರೆಯಂಗಳಕ್ಕೆ ಸೈಕಲ್ ಇಳಿಸುವ ಮುನ್ನ ಎರಡು ಸಲ ಯೋಚಿಸಿ. ಒಣಗಿ ಬಿರುಕು ಬಿಟ್ಟ ಮೇಲ್ಪದರದ ಕೆಳಗೆ ಗೋಡುಮಣ್ಣು ಬೆಣ್ಣೆಯಂತಿರುತ್ತದೆ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಚಕ್ರ ಮತ್ತು ಫೋರ್ಕಿನ ನಡುವೆ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ. ಆಗ ಬಲ ಹಾಕಿ ಪೆಡಲ್ ಒತ್ತುವುದೇ ದೊಡ್ಡ ತಪ್ಪು. ಸರಪಳಿಗೆ ಮೆತ್ತಿದ ಮಣ್ಣು ಗೇರ್ ಬದಲಿಸುವ ಡಿರೇಲರನ್ನು ಎಳೆದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ತುಂಡನ್ನು ಮುರಿಯುತ್ತದೆ, ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ, ಮುಂದಿನ ಹದಿನೈದು ಕಿಲೋಮೀಟರ್ ನಡಿಗೆ. ಇಳಿಯಿರಿ, ಒಂದು ಕೋಲಿನ ಚೂರಿನಿಂದ ಮಣ್ಣು ಕೆರೆದು ತೆಗೆಯಿರಿ, ಹುಲ್ಲಿರುವ ಕಡೆ ಸೈಕಲ್ ಹೊತ್ತು ಹೊರಗೆ ಬನ್ನಿ. ನಿಮ್ಮ ಸೈಕಲ್ಲಿಗೆ ಹೊಂದುವ ಒಂದು ಹ್ಯಾಂಗರ್ ಚೀಲದಲ್ಲಿರಲಿ. ಅದು ಹಳ್ಳಿಯ ಅಂಗಡಿಯಲ್ಲಿರಲಿ, ಜಿಲ್ಲಾ ಕೇಂದ್ರದಲ್ಲೂ ಸಿಗುವುದು ಕಷ್ಟ. ನೀರಿಗಂತೂ ಇಳಿಯಲೇಬೇಡಿ. ಹೂಳು ತೆಗೆದ, ಮಣ್ಣು ಹೊಡೆದ ಕೆರೆಗಳಲ್ಲಿ ಜೆಸಿಬಿ ತೋಡಿದ ಗುಂಡಿಗಳು ನೀರಿನಡಿ ಮುಚ್ಚಿಹೋಗಿರುತ್ತವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಮುಳುಗುತ್ತಾರೆ, ಈಜು ಬಂದವರಿಗೂ ಜಾರುವ ಕಡಿದಾದ ಅಂಚು ಹತ್ತಲು ಆಗುವುದಿಲ್ಲ.

ಮುಳ್ಳಿನ ವಿಷಯ ವಿವರವಾಗಿ ಹೇಳಬೇಕು, ಏಕೆಂದರೆ ಬಯಲುಸೀಮೆಯಲ್ಲಿ ಯಾನ ಕೆಡಿಸುವುದರಲ್ಲಿ ಅದಕ್ಕೇ ಮೊದಲ ಸ್ಥಾನ. ಎರಡು ಬಗೆಯ ಮುಳ್ಳು. ಒಂದು ಜಾಲಿ: ಉದ್ದ, ಗಟ್ಟಿ, ಟೈರ್ ದಾಟಿ ಟ್ಯೂಬನ್ನು ಒಂದೇ ಏಟಿಗೆ ಚುಚ್ಚುತ್ತದೆ, ಗಾಳಿ ತಕ್ಷಣ ಇಳಿಯುತ್ತದೆ. ಹೊಲಕ್ಕೆ ಬೇಲಿ ಕಟ್ಟಿದ ಕಡೆ, ಏರಿಯ ಜಾಲಿ ಕಡಿದ ಕಡೆ ರಸ್ತೆಯಂಚಿನಲ್ಲಿ ಬಿದ್ದಿರುತ್ತದೆ. ಇನ್ನೊಂದು ನೆಗ್ಗಿಲು. ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ಬಳ್ಳಿಯ ಸಣ್ಣ ಕಾಯಿ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ. ಇದು ತೂತು ಮಾಡುವುದು ತಿಳಿಯುವುದೇ ಇಲ್ಲ. ಅರ್ಧ ಗಂಟೆಯ ಬಳಿಕ ಸೈಕಲ್ ಭಾರವೆನಿಸುತ್ತದೆ, ಬಿಚ್ಚಿದರೆ ಒಂದೇ ಟ್ಯೂಬಿನಲ್ಲಿ ಐದಾರು ತೂತು. ನೆಗ್ಗಿಲು ಚುಚ್ಚಿದ್ದು ಕಂಡಾಗ ಅಲ್ಲೇ ಎಲ್ಲವನ್ನೂ ಕಿತ್ತರೆ ಗಾಳಿ ಹೋಗುತ್ತದೆ. ಒಳಗೆ ತೂತು ಮುಚ್ಚುವ ದ್ರವ, ಸೀಲೆಂಟ್, ಇದ್ದರೆ ಕಿತ್ತು ಚಕ್ರ ತಿರುಗಿಸಿ, ಇಲ್ಲದಿದ್ದರೆ ನೆರಳು ಸಿಗುವವರೆಗೆ ಬಿಟ್ಟು ಸಾಗಿ. ಟ್ಯೂಬ್ ಬದಲಿಸುವಾಗ ಟೈರಿನ ಒಳಮೈಯನ್ನು ಹತ್ತಿಯ ಉಂಡೆಯಿಂದ ಸುತ್ತಲೂ ಸವರಿ. ಮುರಿದು ಉಳಿದ ಮೊನೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಸಿಗದ ಮೊನೆ ಹೊಸ ಟ್ಯೂಬನ್ನು ಹತ್ತೇ ನಿಮಿಷದಲ್ಲಿ ಮುಗಿಸುತ್ತದೆ, ಎರಡನೇ ಪಂಕ್ಚರಿಗೆ ಬಹಳ ಸಲ ಇದೇ ಕಾರಣ. ಎರಡು ಟ್ಯೂಬ್, ಹತ್ತು ಪ್ಯಾಚ್, ಎರಡು ಟೈರ್ ಲಿವರ್, ಒಂದು ಕೈಪಂಪು ಇರಲಿ. ಟೈರ್ 38ರಿಂದ 42 ಮಿಲಿಮೀಟರ್ ಅಗಲದ್ದಾದರೆ, ಸುಮಾರು 70 ಕಿಲೋ ತೂಕದವರು ಹಿಂದೆ 45, ಮುಂದೆ 40 ಪಿಎಸ್‌ಐ ಗಾಳಿ ಇಟ್ಟರೆ ಟಾರಿಗೂ ಕಲ್ಲುದಾರಿಗೂ ಹೊಂದುತ್ತದೆ.

ಡಿಸೆಂಬರ್, ಜನವರಿಯಲ್ಲಿ ಒಳರಸ್ತೆಗಳ ಮೇಲೆ ಒಕ್ಕಣೆ ನಡೆದಿರುತ್ತದೆ. ರಾಗಿ ಹುಲ್ಲು, ಹುರುಳಿ ಬಳ್ಳಿ ಟಾರಿನ ಮೇಲೆ ಹರಡಿ ವಾಹನ ಹಾಯಲಿ ಎಂದು ಬಿಡುತ್ತಾರೆ. ಕಾರಿಗೆ ಅದು ಸಲೀಸು, ಸೈಕಲ್ಲಿಗಲ್ಲ. ಹುರುಳಿ ಕಾಳು ಟೈರಿನಡಿ ಗೋಲಿಯಂತೆ ಉರುಳುತ್ತದೆ, ಬ್ರೇಕ್ ಹಿಡಿದರೆ ಚಕ್ರ ಅಡ್ಡ ಜಾರುತ್ತದೆ. ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸಲು ಚಾಕು ಬೇಕು. ಇಳಿದು ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ವರ್ಷದ ದುಡಿಮೆ ಹಾಸಿರುವ ಜಾಗ ಅದು, ಅದರ ಪಕ್ಕ ನಡೆದು ಹೋಗುವುದೇ ಸರಿ.

ಕಡೂರಿಗೆ ಹತ್ತಿರವಾದಂತೆ ಮರ ಕಡಿಮೆಯಾಗಿ ಬಯಲು ಬಿಚ್ಚಿಕೊಳ್ಳುತ್ತದೆ. ಇದು ಅಮೃತಮಹಲ್ ಕಾವಲುಗಳ, ಎಂದರೆ ಆ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳ ಸೀಮೆ. ಬಾಸೂರಿನ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿಸಲಾಗಿದೆ, ಕೃಷ್ಣಮೃಗಗಳಿಗೆ ಅದು ಮನೆ. ಹುಲ್ಲುಗಾವಲನ್ನು ಬಂಜರು ಎಂದು ತಿಳಿದು ಅಡ್ಡಾದಿಡ್ಡಿ ತುಳಿಯಬೇಡಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿವೆ. ರಸ್ತೆಯಲ್ಲೇ ನಿಂತು ನೋಡಿದರೂ ಜಿಂಕೆ ಕಾಣುತ್ತದೆ. ಕುರಿಮಂದೆ ಎದುರಾದರೆ ನಾಯಿಗಳು ಸೈಕಲ್ಲಿನ ಮೇಲೆ ಬರುತ್ತವೆ. ಅವು ಅಟ್ಟುವುದು ಓಡುವುದನ್ನು. ಆದ್ದರಿಂದ ಜೋರಾಗಿ ತುಳಿಯುವ ಬದಲು ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಿಧಾನ ನಡೆದರೆ ನಾಲ್ಕು ಬೊಗಳಿ ಹಿಂದಿರುಗುತ್ತವೆ.

ಈ ನೀರಿನ ಹುಟ್ಟು ನೋಡಬೇಕೆನಿಸಿದರೆ ಸೈಕಲ್ ಬಿಟ್ಟು ಗಿರಿಗೆ ನಡೆದು ಹೋಗಬೇಕು. ಬೋಳಾಗಿ ಕಾಣುವ ಹುಲ್ಲಿನ ಇಳಿಜಾರು, ಅದರ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರು ಕಾಡು: ಅದೇ ಶೋಲಾ. ಹುಲ್ಲಿನ ಬೇರು ಮಳೆಯನ್ನು ತಡೆದು ನೆಲಕ್ಕಿಳಿಸುತ್ತದೆ, ಶೋಲಾದ ಕೊಳೆತೆಲೆಯ ಹಾಸು ಅದನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಬಿಡುತ್ತದೆ. ಜನವರಿಯಲ್ಲಿ ಒರತೆ ಜಿನುಗುತ್ತಿದ್ದರೆ ಅದು ಹಿಂದಿನ ಆಗಸ್ಟಿನ ಮಳೆ. ಚಾರಣಕ್ಕೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಅನುಮತಿ ಪಡೆಯಿರಿ, ಮೀಸಲು ಕಾಡಿಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ಗಿರಿಯ ಆಚೆಯ ಭದ್ರಾ ಹುಲಿ ಮೀಸಲಿನ ಒಳದಾರಿಗಳು ಸೈಕಲ್ಲಿಗಲ್ಲ.

ಮಳೆಗಾಲದಲ್ಲಿ ಇಲ್ಲಿ ಜಿಗಣೆ. ಹೊಗೆಸೊಪ್ಪು, ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒದ್ದೆ ಮಾಡಿ ಮುಟ್ಟಿಸಿದರೆ ಬಿಡುತ್ತದೆ. ಜಿಗಣೆಯಿಂದ ರಕ್ತ ಹೋಗುತ್ತದೆ ಅಷ್ಟೆ. ಭಯಪಡಬೇಕಾದದ್ದು ಒಣಗಾಲದ ಉಣ್ಣೆ ಹುಳುವಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಇದೆ, ಅದು ಹರಡುವ ಕಾಲ ಡಿಸೆಂಬರಿನಿಂದ ಮೇ, ಎಂದರೆ ನಡೆಯಲು ಹಿತವಾದ ತಿಂಗಳುಗಳೇ. ಕಾಯಿಲೆ ಹೆಚ್ಚಾಗಿ ಹರಡುವುದು ಉಣ್ಣೆಯ ಮರಿಯಿಂದ, ಅದು ಎಳ್ಳುಕಾಳಿನಷ್ಟು ಸಣ್ಣದು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ, ಉಣ್ಣೆ ಹತ್ತದಂತೆ ತಡೆಯುವ ಡೆಪಾ ಎಣ್ಣೆ ಸವರಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಕೋತಿ ಸತ್ತುಬಿದ್ದ ಸುದ್ದಿಯಿರುವ ಕಡೆ ಹೋಗಲೇಬೇಡಿ. ಮರಳಿ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಕುದಿನೀರಿಗೆ ಹಾಕಿ, ಮೊಣಕಾಲಿನ ಹಿಂಬದಿ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಮುಂದಿನ ಹತ್ತು ದಿನದಲ್ಲಿ ಜೋರು ಜ್ವರ, ತಲೆನೋವು ಬಂದರೆ ವೈದ್ಯರ ಮುಂದೆ ಮೊದಲು ಹೇಳಬೇಕಾದ ಮಾತು ಕಾಡಿಗೆ ಹೋಗಿದ್ದೆ ಎಂಬುದು.

ಇನ್ನು ಕೋಡಿ. ಕೆರೆ ತುಂಬಿ ಕೋಡಿ ಬಿದ್ದ ದಿನ ಸುತ್ತಲ ಊರಿನವರೆಲ್ಲ ನೋಡಲು ಬರುತ್ತಾರೆ, ಬಾಗಿನ ಬಿಡುತ್ತಾರೆ. ಕೋಡಿಕಲ್ಲಿನ ಮೇಲೆ ಪಾಚಿ ಸದಾ ಇರುತ್ತದೆ. ನೀರು ಬೆರಳುದ್ದ ಹರಿಯುತ್ತಿದ್ದರೂ ಸೈಕಲ್ ಹತ್ತಿ ದಾಟಬೇಡಿ. ನಡೆದು ದಾಟುವಾಗ ಸೈಕಲ್ ನಿಮ್ಮ ಕೆಳಹರಿವಿನ ಬದಿಗೆ ಇರಲಿ, ಮೇಲ್ಬದಿಗಿದ್ದರೆ ನೀರು ಅದನ್ನು ನಿಮ್ಮ ಕಾಲಿಗೇ ನೂಕುತ್ತದೆ. ಮೀನಖಂಡ ಮುಟ್ಟುವ ನೀರು ಸೆಳೆಯುತ್ತಿದ್ದರೆ ಹಿಂದಿರುಗಿ, ಸುತ್ತು ದಾರಿ ಹಿಡಿಯಿರಿ.

ಅಯ್ಯನಕೆರೆಯಿಂದ ಹೋದ ನೀರು ಕೊನೆಗೆ ತಲುಪುವ ವಾಣಿವಿಲಾಸ ಸಾಗರ 1907ರಲ್ಲಿ ಸಿದ್ಧವಾಯಿತು. 1933ರಲ್ಲಿ ಅದು ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಹುಟ್ಟಿ ಬೆಳೆದು ಮುದುಕರಾದವರಿಗೆ ಆ ಕೋಡಿ ಬರೀ ಕೇಳಿದ ಮಾತಾಗಿತ್ತು. 2025ರ ಜನವರಿಯಲ್ಲಿ ಅದು ಇನ್ನೊಮ್ಮೆ ತುಂಬಿ ಹರಿಯಿತು. ಕಡೂರಿನಿಂದ ಅಲ್ಲಿಗೆ ಸೈಕಲ್ಲಿನಲ್ಲಿ ಇನ್ನೂ ಎರಡು ದಿನದ ದಾರಿ, ನೆರಳು ಕಡಿಮೆ, ಹನ್ನೊಂದು ಗಂಟೆಯ ಬಳಿಕ ಗಂಟೆಗೊಂದು ಲೀಟರ್ ನೀರು ಬೇಕು.

ಅಷ್ಟು ದೂರ ಹೋಗಲಾಗದವರು ಕಡೂರಿನ ಬಳಿ ವೇದಾವತಿಯ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಹೊಳೆಯ ಎರಡೂ ದಡ ನೋಡಲಿ. ಬೇಸಿಗೆಗೆ ಹತ್ತಿರವಾದಂತೆ ಪಾತ್ರದಲ್ಲಿ ಮರಳು, ಜೊಂಡು, ಅಲ್ಲಲ್ಲಿ ಮಡು ಮಾತ್ರ ಉಳಿದಿರುತ್ತದೆ. ದಡದ ಜಾಲಿಯ ಕೊಂಬೆಗಳಲ್ಲಿ ಹುಲ್ಲು, ಕಡ್ಡಿ, ಅಡಿಕೆ ಗರಿಯ ಚೂರು ಒಂದೇ ಮಟ್ಟದಲ್ಲಿ ಸಾಲಾಗಿ ಸಿಕ್ಕಿಕೊಂಡಿರುತ್ತವೆ. ಈ ಮಳೆಗಾಲದಲ್ಲಿ ಮೇಲಿನ ಕೆರೆಗಳು ಕೋಡಿ ಬಿದ್ದಾಗ ನೀರು ಏರಿದ್ದು ಅಲ್ಲಿಯವರೆಗೆ.